ಹನ್ನೊಂದನೇ ಮಜಲಿಗೆ ಏಳು ಗಡ್ಡಿ

ತಗೋರಿ ಬಾಯಾರ, ಏಳು ಅದಾವ. ಎಣಿಸಿಕೊಳ್ರಿ.
ಉಳ್ಳಾಗಡ್ಡಿ ಅಲ್ರಿ ಇವು, ನಿಮ್ಮ ಅಡಗಿಯಾಕಿಗೆ ಮೊದಲ ಹೇಳಿಡ್ರಿ.
ಹ್ವಾದ ವರ್ಷ ನಮ್ಮ ಮನಿಯಾಂವ ಕತ್ತಲದಾಗ
ಒಂದು ಹೆಚ್ಚಿ ಝುಣಕಾಕ್ಕ ಹಾಕೇಬಿಟ್ಟಿದ್ದ.
ಮೂಗು ಕಾಪಾಡಿತು. ಎರಡು ದಿನ ನಾ ಮಾತಾಡಲಿಲ್ಲ,
ಝುಣಕಾದ ಸಲುವಾಗಿ ಅಲ್ಲ.

ಈಗ ನೀರು ಹಾಕಬ್ಯಾಡ್ರಿ. ಮಣ್ಣಾಗೂ ಇಡಬ್ಯಾಡ್ರಿ.
ಎಳ್ಳಮಾಸಿ ಹೊತ್ತಿಗೆ ಎಲಿ ಹಳದಿ ಆದ್ವು,
ಅದು ಜಡ್ಡಲ್ಲ, ಅದರ ನಿದ್ದಿ.
ನಿಮ್ಮಂಗ ಅಂಜಿ ನಾನೂ ಮೊದಲನೇ ವರ್ಷ
ಕೊಡಗಟ್ಟಲೆ ಸುರುವಿದ್ದೆ.
ಕೈ ಹಾಕಿ ನೋಡಿದರ ಅಂಬಲಿ ಆಗಿದ್ವು,
ಮೂವತ್ತರಾಗ ಒಂಬತ್ತು ಉಳದ್ವು.

ನೆರಳಾಗ ಎಂಟು ದಿನ ಆರಿಸೀನಿ,
ಬೇರು ಕತ್ತರಿಸಿ, ಅರಬಿಲೆ ಒರಸೀನಿ.
ಇನ್ನ ನೀವು ಉಸುಕಿನಾಗ ಮಲಗಸ್ರಿ. ಒಣ ಉಸುಕು,
ಗಿಲಾವಕ್ಕಂತ ಸಾಣಿಸಿದ್ದು, ಈ ಚೀಲದಾಗ ತಂದೀನಿ.
ಬೂಟಿನ ಡಬ್ಬಿ ಆದರೂ ನಡೀತದ.
ಒಂದಕ್ಕೊಂದು ತಾಗಬಾರದು. ನಾವು ಪತ್ರಾ ಶೆಡ್ಡಿನಾಗ
ಮಲಗಿದಂಗ ಮಲಗಿಸಿದರ
ಒಂದರ ಕೊಳಿ ಎಲ್ಲಕ್ಕೂ ಹತ್ತತದ.
ವಾರಕ್ಕೊಮ್ಮೆ ಹೊಳ್ಳಿಸಿ ಹಾಕ್ರಿ.
ಮೆತ್ತಗಾಗಿದ್ದನ್ನ ಒಗೀರಿ, ಮರುಗಬ್ಯಾಡ್ರಿ.

ಎಲ್ಲಿಂದ ತಂದಿ ಅಂತ ಕೇಳಿದ್ರಿ ಅವತ್ತ.
ನರ್ಸರಿ ಅಂದೆ. ಸುಳ್ಳು.
ಈ ವಾಘೋಲಿ ಒಳಗ, ಈ ಗೇಟಿನ ಒಳಗ,
ನಿಮ್ಮ ಲಿಫ್ಟು ಬಂದು ನಿಂದರತದಲ್ಲ, ಆ ಜಾಗಾದಾಗ
ಗುಲಛಡಿ ಹೊಲ ಇತ್ತು.
ನಾವು ಬಂದಾಗ ಹೂವಿನ ಕಡ್ಡಿ ಇನ್ನೂ ನಿಂತಿದ್ವು,
ಕೊಯ್ಯವರು ಇರಲಿಲ್ಲ. ಕಾಗದ ಆಗಿತ್ತಂತ.
ಜೆಸಿಬಿ ಬಂತು. ಎತ್ತಿದ ಮಣ್ಣಿಗೊಮ್ಮೆ
ಬೊಗಸಿ ಬೊಗಸಿ ಗಡ್ಡಿ ಉದುರತಿದ್ವು,
ಬಿಳೇ ಬೇರು, ಹಸೀ ವಾಸನಿ.
ಟ್ರಕ್ಕು ತುಂಬಿ ಎಲ್ಲೆ ಒಗದರೋ.
ಮುಕಾದಮ ಚಾ ಕುಡಿಯೂ ಹೊತ್ತಿನಾಗ
ಉಡಿ ತುಂಬಿಕೊಂಡೆ. ಅಷ್ಟ.
ಹೊಲದವರ ಹೆಸರು ಗೊತ್ತಿಲ್ರಿ.
ಹಳದಿ ರುಮಾಲಿನ ಮುದುಕ ಒಬ್ಬಾಂವ
ಪತ್ರಾದ ತೂತಿನಾಗ ಹಣಿಕಿ ಹಾಕಿ ಹೋಗತಿದ್ದ, ಎರಡು ಸಲ.
ಮೂರನೇ ಸಲ ಕಾರಿನಾಗ ಬಂದ. ಇಳೀಲಿಲ್ಲ.

ಹೋಳಿ ಹುಣ್ಣಿವಿ ಆದ ಮ್ಯಾಲ ಹಚ್ಚರಿ.
ತುದಿ ಮ್ಯಾಲ, ಬುಡ ಕೆಳಗ. ನಗಬ್ಯಾಡ್ರಿ,
ಸೆಕ್ರೆಟರಿ ಸಾಹೇಬರು ತಲಿಕೆಳಗ ಹಚ್ಚಿ
ನನ್ನ ಮ್ಯಾಲ ಸಿಟ್ಟಾಗಿದ್ರು.
ಎರಡು ಬಟ್ಟು ಆಳ, ಗ್ಯಾಲರಿಯ ಬಿಸಲಿನ ಮಗ್ಗಲ.
ಮೊಳಕಿ ಕಾಣೂತನಕ ನೀರು ಚಿಮುಕಸೂದಷ್ಟ.
ಗಣಪತಿ ಕೂಡೂ ಹೊತ್ತಿಗೆ ಕಡ್ಡಿ ಎದ್ದೀತು.
ಏಳಕ್ಕ ಏಳೂ ಏಳತಾವಂತ ಮಾತು ಕೊಡಂಗಿಲ್ಲ.

ಇನ್ನೊಂದು. ಒಮ್ಮೆ ಹೂ ಬಿಟ್ಟ ಗಡ್ಡಿ
ಮತ್ತ ಬಿಡಂಗಿಲ್ಲ. ಅದರ ಕೆಲಸ ಮುಗೀತು.
ಬುಡ ಕೆದರಿ ನೋಡ್ರಿ, ಸುತ್ತ ಮರಿ ಇರತಾವ,
ಬಳ್ಳೊಳ್ಳಿ ಎಸಳಿನಂಥವು. ಬ್ಯಾರೆ ಮಾಡಿಡ್ರಿ.
ಒಂದು ವರ್ಷ ಬರೇ ಎಲಿ ಬಿಡತಾವ, ಬೈಯಬ್ಯಾಡ್ರಿ.
ನಾ ಒಯ್ಯೂದು ಅಂಥಾವನ್ನ.
ಉಂಡ್ರಿ ಸೈಟಿಗೆ. ಅಲ್ಲೆ ಇನ್ನೂ ಬರೇ ಬೇಲಿ ಹಾಕ್ಯಾರ,
ನೆಲದಾಗ ಮೊದಲ ಏನಿತ್ತೋ, ಹೋಗಿ ನೋಡಬೇಕು.

ರೊಕ್ಕ ಬ್ಯಾಡ್ರಿ. ಆ ಉಸುಕೂ ನಂದಲ್ಲ.
ಇದರ ವಾಸನಿ ರಾತ್ರಿ ಮ್ಯಾಲ ಏರಂಗಿಲ್ಲ, ಇಳೀತದ.
ನೀವು ಬಾಗಿಲಾ ಹಾಕಿ ಮಲಗಿದ ಮ್ಯಾಲ
ಗೇಟಿನಾಗ ಹೊಸ ವಾಚಮನ್ನಗ ಮುಟ್ಟತದ.
ಅಂವ ಒಡಿಶಾದಾಂವ, ನಮ್ಮ ಮಾತು ಬರಂಗಿಲ್ಲ.
ಏನಿದು ಅಂತ ಕೇಳಿದರ
ಮ್ಯಾಲ ಬಟ್ಟು ಮಾಡಿ ತೋರಸ್ರಿ,
ಆಮ್ಯಾಲ ಕೆಳಗ.

ಟೆಂಪೋದಾಂವ ಹಾರ್ನ್ ಹೊಡಿಯಾಕತ್ತಾನ. ಬರತೀನ್ರಿ.